ಮೊಲ ಸಾಕಿದ ಡಾಕ್ಟ್ರಮ್ಮ

ಬೆಳಗಿನ ಬಿಸಿಲು ಹಿತ್ತಲಿಗೆ ಇಳಿಯುವ ಹೊತ್ತಿಗೆ ರುಕ್ಮಿಣಿ ಡಾಕ್ಟ್ರು ಬಾವಿಕಟ್ಟೆಯ ಪಕ್ಕದ ಕಲ್ಲಿನ ಮೇಲೆ ಕೂತು, ಮಡಿಲಲ್ಲಿ ಒಂದು ಬಿಳಿ ಮೊಲವನ್ನಿಟ್ಟುಕೊಂಡು, ಅದರ ಕಿವಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ತೆಳ್ಳಗಿನ ಆ ಕಿವಿಯೊಳಗೆ ನೆತ್ತರಿನ ನಾಳಗಳು ವೀಳ್ಯದೆಲೆಯ ನರಗಳ ಹಾಗೆ ಕಾಣುತ್ತಿದ್ದವು. ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಕಿವಿಯನ್ನು ಒರಸಿ, ಅಂಚಿನ ನಾಳಕ್ಕೆ ಸೂಜಿ ಚುಚ್ಚಿ, ಚಮಚದಷ್ಟು ರಕ್ತ ತೆಗೆದು, ಹತ್ತಿ ಒತ್ತಿ ಹಿಡಿಯುತ್ತಿದ್ದರು. ಮೊಲ ಮಿಸುಕುತ್ತಿರಲಿಲ್ಲ. ಆಮೇಲೆ ಅದಕ್ಕೊಂದು ಹಿಡಿ ಹರಿವೆ ಸೊಪ್ಪು. "ಆಯ್ತು ಮಾರಾಯ, ಹೋಗು. ಇನ್ನು ನಿನ್ನ ಸರದಿ ಸದ್ಯಕ್ಕೆ ಇಲ್ಲ" ಎಂದು ಅದನ್ನು ಗೂಡಿಗೆ ಬಿಟ್ಟು, ಸೆರಗು ಕೊಡವಿ ಏಳುತ್ತಿದ್ದರು. ಆಮೇಲೆಯೇ ಅವರ ಚಹ.

ಕಾಸರಗೋಡಿಗೆ ಈ ಮೊಲಗಳು ದೊಡ್ಡ ಒಗಟಾಗಿದ್ದವು. ಡಾಕ್ಟ್ರು ಶಿರಿಯದ ಹೊಳೆಬದಿಯಲ್ಲಿ ಹುಟ್ಟಿದವರು, ಮೀನಿಲ್ಲದೆ ಅವರಿಗೆ ಊಟ ಇಳಿಯುತ್ತಿರಲಿಲ್ಲ. ಹಾಗಾಗಿ ಮೊಲವನ್ನೂ ಸಾರು ಮಾಡುತ್ತಾರೆಂದು ಕೆಲವರು ಹೇಳುತ್ತಿದ್ದರು. ಬಾಣಂತಿಯರ ಲೇಹ್ಯಕ್ಕೆ ಮೊಲದ ನೆತ್ತರು ಬೆರೆಸುತ್ತಾರೆಂದು ಇನ್ನು ಕೆಲವರು. ರೈಲ್ವೆ ಸ್ಟೇಶನ್ನಿನ ಕಡೆಯ ಮಕ್ಕಳು ಬೇಲಿಯ ಸಂದಿಯಿಂದ ಇಣುಕಿ, ಅವರು ತಿರುಗಿ ನೋಡಿದ ಕೂಡಲೇ ಓಡುತ್ತಿದ್ದರು. ಮದುವೆ ಏಕೆ ಆಗಿಲ್ಲವೆಂದು ಅವರನ್ನು ಕೇಳುವ ಧೈರ್ಯ ಊರಿನಲ್ಲಿ ಯಾರಿಗೂ ಇರಲಿಲ್ಲ. ಮೊಲ ಏಕೆಂದು ಕೇಳುವ ಧೈರ್ಯ ಮಾತ್ರ ಒಮ್ಮೆ ಪೆರ್ಲ ಕಡೆಯ ಒಬ್ಬ ಭಟ್ಟರು ತೋರಿಸಿದರು. ಕತ್ತಿನ ಹಿಂದೆ ದೊಡ್ಡ ಕುರುವಾಗಿ, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿಕೊಂಡು ಬಸ್ಸಿನಲ್ಲಿ ಬಂದಿದ್ದರು.

"ನಿಮ್ಮ ಮದ್ದಿನಲ್ಲಿ ಮೊಲದ ರಕ್ತ ಉಂಟಂತೆ, ಹೌದಾ ಡಾಕ್ಟ್ರೆ?"

"ಮೊಲದ ರಕ್ತ ನಿಮಗಲ್ಲ ಭಟ್ರೆ, ನಿಮ್ಮ ಕುರುವಿನ ಒಳಗೆ ಕೂತ ಕ್ರಿಮಿಗೆ. ಅದಕ್ಕೆ ಬಡಿಸಿ ನೋಡ್ತೇನೆ, ಎಂತ ಮಾಡ್ತದೆ ಅಂತ. ನೀವು ಹೆದರ್ಬೇಡಿ. ಮೊಲವೂ ಹೆದರುದಿಲ್ಲ."

ಭಟ್ಟರು ಕತ್ತು ನೋಯುವುದನ್ನೂ ಮರೆತು ನಕ್ಕುಬಿಟ್ಟರು.

ನಾನು ಆಗ ಮಂಗಳೂರಿನಲ್ಲಿ ನರ್ಸಿಂಗ್ ಮುಗಿಸಿ ಆ ಆಸ್ಪತ್ರೆಗೆ ಹೊಸದಾಗಿ ಸೇರಿದ್ದೆ. ಊರಿನ ಒಬ್ಬ ಜವಳಿ ವ್ಯಾಪಾರಿ ತನ್ನ ತಾಯಿಯ ನೆನಪಿಗೆ ಕಟ್ಟಿಸಿದ ಹೆರಿಗೆ ಆಸ್ಪತ್ರೆ ಅದು; ಕುರು, ಗಾಯ ಎಂದು ಬಂದವರನ್ನೂ ಡಾಕ್ಟ್ರು ತಿರುಗಿ ಕಳಿಸುತ್ತಿರಲಿಲ್ಲ. ಆ ವ್ಯಾಪಾರಿಯನ್ನು ಎಲ್ಲರೂ ಧನಿಗಳು ಎಂದೇ ಕರೆಯುತ್ತಿದ್ದರು. ಒಂದು ಹೆರಿಗೆ ಕೋಣೆ, ಉದ್ದದ ಒಂದು ವಾರ್ಡು, ಅಡುಗೆಮನೆ; ಅದರ ಪಕ್ಕದಲ್ಲಿ ಸೌದೆ ಹಾಕಲೆಂದು ಕಟ್ಟಿದ್ದ ಒಂದು ಸಣ್ಣ ಕೋಣೆ. ಡಾಕ್ಟ್ರು ಬಂದ ಮೇಲೆ ಸೌದೆ ಹೊರಗೆ ಹೋಯಿತು, ಅವರ ಮೈಕ್ರೋಸ್ಕೋಪು ಒಳಗೆ ಬಂತು. ಅವರು ಮದರಾಸಿನಲ್ಲಿ ವೈದ್ಯವಿದ್ಯೆ ಕಲಿತು, ಅಲ್ಲಿಯೇ ಒಂದು ಪ್ರಯೋಗಾಲಯದಲ್ಲಿ ಕೆಲವು ವರ್ಷ ಕ್ರಿಮಿಗಳ ಪರೀಕ್ಷೆ ಮಾಡುತ್ತಿದ್ದವರು. ತಾಯಿ ಕಾಯಿಲೆ ಬಿದ್ದಾಗ ಊರಿಗೆ ಬಂದರು, ತಾಯಿ ಹೋದ ಮೇಲೆ ಹಿಂತಿರುಗಲಿಲ್ಲ. ಮದರಾಸಿನ ಚಟ ಮಾತ್ರ ಬಿಡಲಿಲ್ಲ. ಬಡಗಿಯಿಂದ ಒಂದು ಮರದ ಪೆಟ್ಟಿಗೆ ಮಾಡಿಸಿ, ಒಳಗೆ ತಗಡು ಹೊಡೆಸಿ, ಕೆಳಗೆ ಸಣ್ಣ ಚಿಮಿಣಿ ದೀಪ ಇಟ್ಟು, ಕ್ರಿಮಿ ಬೆಳೆಸಲು ಬೆಚ್ಚಗಿನ ಗೂಡು ಮಾಡಿಕೊಂಡಿದ್ದರು. ಆ ದೀಪದ ಬತ್ತಿಯನ್ನು ಅವರಲ್ಲದೆ ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲ.

ದಪ್ಪ ಗಾಜಿನ ಕನ್ನಡಕ, ಮೊಣಕೈವರೆಗೆ ಮಡಚಿದ ತೋಳು, ಸದಾ ಲೈಸಾಲ್ ವಾಸನೆ. ಮಾತು ಜೋರು. ಹೆರಿಗೆ ನೋವಿನಲ್ಲಿ ಕಿರುಚುವವಳಿಗೆ "ಕಿರುಚು, ಇನ್ನೂ ಜೋರು ಕಿರುಚು, ಧನಿಗಳ ಅಂಗಡಿಗೆ ಕೇಳ್ಬೇಕು" ಎನ್ನುತ್ತಿದ್ದರು. ಅವಳಿಗೆ ನಗು ಬರುತ್ತಿತ್ತು, ಆ ನಗುವಿನ ಸಡಿಲಿನಲ್ಲಿ ಮಗು ಇನ್ನಷ್ಟು ಇಳಿಯುತ್ತಿತ್ತು. ಒಳ್ಳೆಯ ಕೈ ಅವರದ್ದು. ಆ ಕೈಯ ಮೇಲೆ ನಂಬಿಕೆಯಿಟ್ಟು ಕುಂಜತ್ತೂರಿನಿಂದ, ಪೆರ್ಲದಿಂದ, ಹೊಳೆಯಾಚೆಯಿಂದ ಗರ್ಭಿಣಿಯರು ಬರುತ್ತಿದ್ದರು.

ಭಟ್ಟರ ಕುರುವನ್ನು ಕೊಯ್ದ ಮರುದಿನ ಡಾಕ್ಟ್ರು ನನ್ನನ್ನು ಸೌದೆಕೋಣೆಗೆ ಕರೆದರು.

"ಸರೋಜಾ, ಇದರಲ್ಲಿ ಕಣ್ಣಿಡು. ಎಂತ ಕಾಣ್ತದೆ?"

"ದ್ರಾಕ್ಷಿ ಗೊಂಚಲಿನ ಹಾಗೆ ಚುಕ್ಕೆಗಳು."

ಗಾಜು ಬದಲಾಯಿಸಿದರು. "ಇದರಲ್ಲಿ?"

"ಅದೇ ಗೊಂಚಲು."

"ಒಂದು ನಿನ್ನ ಅಂಗೈಯಿಂದ ತೆಗೆದದ್ದು. ಪಾಪ, ಅದು ಯಾರಿಗೂ ಎಂತದೂ ಮಾಡುದಿಲ್ಲ. ಇನ್ನೊಂದು ಭಟ್ರ ಕುರುವಿನದ್ದು. ಅದು ರಕ್ತಕ್ಕೆ ಇಳಿದ್ರೆ ಮನುಷ್ಯನನ್ನು ತೆಗೀತದೆ. ಯಾವುದು ಯಾವುದು, ಹೇಳು."

"ಹೇಗೆ ಹೇಳುದು ಡಾಕ್ಟ್ರಮ್ಮ? ಎರಡೂ ಒಂದೇ ಹಾಗೆ ಉಂಟಲ್ಲ."

"ಹ್ಞಾ! ಮುಖ ನೋಡಿ ಹೇಳ್ಲಿಕ್ಕೆ ಆಗುದಿಲ್ಲ. ಎಂತ ಕೆಲಸ ಮಾಡ್ತದೆ ಅಂತ ನೋಡ್ಬೇಕು."

ಮೊಲದ ರಕ್ತಕ್ಕೆ, ಅದು ಗಟ್ಟಿಯಾಗದ ಹಾಗೆ ಒಂದು ಉಪ್ಪನ್ನು ಬೆರೆಸಿ ಅವರು ಇಟ್ಟಿರುತ್ತಿದ್ದರು. ಕೆಂಪು ತಳಕ್ಕೆ ಇಳಿದು, ಮೇಲೆ ಒಣಹುಲ್ಲಿನ ಬಣ್ಣದ ತಿಳಿ ನಿಲ್ಲುತ್ತಿತ್ತು. ಆ ತಿಳಿಯನ್ನು ಎರಡು ಪುಟ್ಟ ಗಾಜಿನ ನಳಿಗೆಗಳಿಗೆ ಹಾಕಿ, ಒಂದಕ್ಕೆ ನನ್ನ ಅಂಗೈಯ ಕ್ರಿಮಿಯನ್ನೂ ಇನ್ನೊಂದಕ್ಕೆ ಭಟ್ಟರ ಕ್ರಿಮಿಯನ್ನೂ ಕದಡಿ, ಬೆಚ್ಚಗಿನ ನೀರಿನಲ್ಲಿ ನಿಲ್ಲಿಸಿದರು. ಊಟ ಮುಗಿಸಿ ಬಂದು ನಳಿಗೆಗಳನ್ನು ವಾಲಿಸಿದರು. ನನ್ನದು ನೀರಿನ ಹಾಗೆ ಹರಿಯಿತು. ಭಟ್ಟರದ್ದು ಕದಲಲಿಲ್ಲ. ತಳದಲ್ಲಿ ಗಟ್ಟಿ ಮೊಸರಿನ ಹಾಗೆ ಕೂತಿತ್ತು.

"ಕ್ರಿಮಿಗೆ ಕೈಯಿಲ್ಲ, ಬಾಯಿಲ್ಲ. ಅದರ ಎಲ್ಲ ಕೆಲಸವೂ ಕಿಣ್ವದಿಂದ. ಈ ಪೋಕರಿಯ ಹತ್ತಿರ ಇರುವ ಒಂದು ಕಿಣ್ವ ರಕ್ತದ ತಿಳಿಯನ್ನು ಹೆಪ್ಪು ಹಾಕ್ತದೆ. ಆ ಹೆಪ್ಪಿನ ಒಳಗೆ ಅಡಗಿ ಕೂತ್ರೆ ನಮ್ಮ ಮೈಯ ಕಾವಲಿನವರಿಗೆ ಅದು ಸಿಗುದಿಲ್ಲ. ಸಾಧುವಿಗೆ ಆ ವಿದ್ಯೆ ಗೊತ್ತಿಲ್ಲ. ಅಷ್ಟೇ ವ್ಯತ್ಯಾಸ."

ತಿಳಿ ನಮ್ಮ ಊರಿನ ಸೆಕೆಗೆ ಬೇಗ ಕೆಡುತ್ತಿತ್ತು. ಬೇಕಾದಾಗಲೆಲ್ಲ ಹೊಸತೇ ಆಗಬೇಕು. ಮೊಲಗಳು ಹಿತ್ತಲಿನಲ್ಲಿದ್ದದ್ದು ಅದಕ್ಕಾಗಿ.

ಮರು ವರ್ಷದ ಬೇಸಿಗೆಯಲ್ಲಿ ನಮ್ಮ ವಾರ್ಡಿನ ಮಕ್ಕಳಿಗೆ ಬೊಕ್ಕೆ ಏಳತೊಡಗಿತು. ಮೊದಲು ಒಂದು ಮಗುವಿನ ಕಂಕುಳಲ್ಲಿ ಸಣ್ಣ ಕೀವುಗುಳ್ಳೆ. ಸೆಕೆಯ ಬೊಕ್ಕೆ ಎಂದು ನಾವು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆಮೇಲೆ ಪಕ್ಕದ ತೊಟ್ಟಿಲಿನ ಮಗುವಿಗೆ, ಅದರ ಆಚೆಯದಕ್ಕೆ. ಎರಡು ಬಾಣಂತಿಯರ ಎದೆಯಲ್ಲಿ ಕೀವಾಯಿತು. ಯುದ್ಧ ಮುಗಿದ ಮೇಲೆ ನಮ್ಮ ಕಡೆಗೂ ಪೆನಿಸಿಲಿನ್ ಬರುತ್ತಿತ್ತು, ಅದರ ಒಂದು ಚುಚ್ಚುಮದ್ದಿಗೆ ಇಂಥದ್ದೆಲ್ಲ ಮಾಯವಾಗುವುದನ್ನು ನಾವು ಕಣ್ಣಾರೆ ಕಂಡಿದ್ದೆವು. ಈ ಸಲ ಅದು ನಾಟಲಿಲ್ಲ. ಡಾಕ್ಟ್ರು ಬೇರೆ ಮದ್ದುಗಳನ್ನು ಹುಡುಕಿ ತರಿಸಿದರು, ಬೊಕ್ಕೆಗಳಿಗೆ ನೇರಳೆ ಬಣ್ಣದ ಮದ್ದು ಹಚ್ಚಿಸಿದರು. ಹೆಚ್ಚಿನ ಮಕ್ಕಳು ಚೇತರಿಸಿಕೊಂಡವು. ಶಿರಿಯದ ಗಿರಿಜೆಯ ಗಂಡುಮಗು ಚೇತರಿಸಲಿಲ್ಲ. ಮೀನುಗಾರರ ಮನೆಯ ಹುಡುಗಿ, ಚೊಚ್ಚಲ ಹೆರಿಗೆ. ಮಗು ಹೋದ ದಿನ ಅವಳ ಅತ್ತೆ ವಾರ್ಡಿನ ನಡುವೆ ನಿಂತು "ಇವಳ ಹಾಲೇ ವಿಷ" ಎಂದದ್ದು ನನಗೆ ಈಗಲೂ ಕೇಳಿಸುತ್ತದೆ. ಗಿರಿಜೆ ಅಳಲೂ ಇಲ್ಲ. ಬಟ್ಟೆಗಂಟು ಎತ್ತಿಕೊಂಡು ಅತ್ತೆಯ ಹಿಂದೆ ನಡೆದಳು.

ಊರು ಮಾತಾಡತೊಡಗಿತು. ಧನಿಗಳು ಬಂದರು. ಕೆಟ್ಟ ಮನುಷ್ಯರೇನಲ್ಲ, ತಾಯಿಯ ಹೆಸರಿನ ಆಸ್ಪತ್ರೆಗೆ ಹೀಗಾಯಿತಲ್ಲ ಎಂದು ನಿದ್ದೆಗೆಟ್ಟಿದ್ದರು. ಅವರ ಕಣ್ಣು ನಮ್ಮ ತನಿಯಾರುವಿನ ಮೇಲೆ ಬಿತ್ತು. ತನಿಯಾರು ನೆಲ ಒರಸುವ, ಬಟ್ಟೆ ಒಗೆಯುವ ಹೆಂಗಸು. ಫಿನಾಯಿಲ್ ನೀರಿನಲ್ಲಿ ಅದ್ದಿ ಅದ್ದಿ ಅವಳ ಕೈಗಳು ಬಿರಿದು, ಅಲ್ಲಲ್ಲಿ ಹುಣ್ಣಾಗಿದ್ದವು.

"ಅವಳ ಕೈ ನೋಡಿದ್ದೀರಾ ಡಾಕ್ಟ್ರೆ? ಅದೇ ಕೈಯಲ್ಲಿ ಮಕ್ಕಳ ಬಟ್ಟೆ ಒಗೀತಾಳೆ. ನಾಳೆಯಿಂದ ಬರ್ಲಿಕ್ಕೆ ಬೇಡ ಅಂತ ಹೇಳಿ."

"ಕೈ ನೋಡಿದ್ದೇನೆ. ಆದ್ರೆ ಕೈ ನೋಡಿ ಹೇಳುದು ನನ್ನ ಕ್ರಮ ಅಲ್ಲ. ನನಗೆ ಸ್ವಲ್ಪ ಸಮಯ ಕೊಡಿ. ಎಲ್ಲರದ್ದೂ ಪರೀಕ್ಷೆ ಮಾಡ್ತೇನೆ. ನಿಮ್ಮದೂ."

"ನನ್ನದು ಯಾಕೆ?"

"ನೀವು ಶುಕ್ರವಾರ ಶುಕ್ರವಾರ ಬಂದು ಮಕ್ಕಳಿಗೆ ಸಕ್ಕರೆ ನೆಕ್ಕಿಸ್ತೀರಲ್ಲ, ಅದಕ್ಕೆ. ಈ ಕ್ರಿಮಿ ಮೂಗಿನಲ್ಲಿ ಸದ್ದಿಲ್ಲದೆ ಅಡಗಿ ಕೂತಿರ್ತದೆ. ಮೂಗು ಮೇಲೆ ಮಾಡಿ."

ಧನಿಗಳು ಕುರ್ಚಿಯಲ್ಲಿ ಹಿಂದಕ್ಕೆ ವಾಲಿ ಮೂಗು ಮೇಲೆ ಮಾಡಿದರು. ಹತ್ತಿ ಸುತ್ತಿದ ಕಡ್ಡಿ ಒಳಗೆ ಹೋದಾಗ ಜೋರಾಗಿ ಸೀನಿದರು. ಅಷ್ಟು ಗಾಬರಿಯ ದಿನಗಳಲ್ಲಿ ನಾವು ನಕ್ಕದ್ದು ಅದೊಂದೇ ಸಲ.

ತನಿಯಾರುವಿನ ಕೈ, ಮೂಗು, ನನ್ನದು, ಅಡುಗೆಯವನದ್ದು, ಆಯಾಳದ್ದು, ಎಲ್ಲ ಡಾಕ್ಟ್ರೇ ತೆಗೆದರು. ಡಾಕ್ಟ್ರದ್ದನ್ನು ನಾನು ತೆಗೆದೆ. ಆ ತಿಂಗಳು ಅವರಿಗೆ ಬಿಡದ ಶೀತ ಇತ್ತು. ಎಲ್ಲವನ್ನೂ ಗಾಜಿನ ತಟ್ಟೆಗಳಲ್ಲಿ ಗೀರಿ ಬೆಚ್ಚಗಿನ ಗೂಡಿನಲ್ಲಿಟ್ಟೆವು. ಮಕ್ಕಳ ಕೀವಿನದ್ದು ಮೊದಲೇ ಬೆಳೆದಿತ್ತು, ಮೊಲದ ತಿಳಿಯನ್ನು ಗಟ್ಟಿಯಾಗಿ ಹೆಪ್ಪು ಹಾಕಿಯೂ ಇತ್ತು. ತಟ್ಟೆಗಳಲ್ಲಿ ಸಾಸಿವೆಕಾಳಿನಂಥ ಚುಕ್ಕೆಗಳು ಎದ್ದ ಮೇಲೆ, ಒಬ್ಬೊಬ್ಬರ ಹೆಸರನ್ನೂ ನಳಿಗೆಯ ಮೇಲೆ ಮೇಣದ ಪೆನ್ಸಿಲಿನಿಂದ ಬರೆದು, ಚುಕ್ಕೆಗಳನ್ನು ತಿಳಿಯಲ್ಲಿ ಕದಡಿ ಬೆಚ್ಚಗಿನ ನೀರಿನಲ್ಲಿ ಸಾಲಾಗಿ ನಿಲ್ಲಿಸಿದರು.

ಮಧ್ಯಾಹ್ನ ಒಂದೊಂದಾಗಿ ವಾಲಿಸುತ್ತ ಬಂದೆವು. ತನಿಯಾರುವಿನ ಕೈಯದ್ದು ಹರಿಯಿತು. ಮೂಗಿನದ್ದೂ ಹರಿಯಿತು. ನನ್ನದು ಹರಿದಾಗ ನನಗೆ ತಿಳಿಯದೆಯೇ ದೊಡ್ಡ ಉಸಿರು ಹೊರಬಿತ್ತು. ಆಯಾಳದ್ದು, ಧನಿಗಳದ್ದು ಹರಿದವು. ಅಡುಗೆಯವನದ್ದು ಹೆಪ್ಪಾಗಿತ್ತು. ಕೊನೆಯದನ್ನು ಡಾಕ್ಟ್ರು ತಾವೇ ಎತ್ತಿ ವಾಲಿಸಿದರು. ಇನ್ನೂ ವಾಲಿಸಿದರು. ಪೂರ್ತಿ ತಲೆಕೆಳಗೆ ಮಾಡಿ ಹಿಡಿದರು. ಅದು ಬೀಳಲಿಲ್ಲ. ನಳಿಗೆಯ ಮೇಲೆ ಅವರ ಹೆಸರಿತ್ತು.

ಅವರು ಸ್ಟೂಲಿನ ಮೇಲೆ ಕೂತರು. ಕನ್ನಡಕ ತೆಗೆದು ಸೆರಗಿನಲ್ಲಿ ಒರಸಿ ಹಾಕಿಕೊಂಡರು, ಮತ್ತೆ ತೆಗೆದರು.

"ಇನ್ನೊಮ್ಮೆ ಮಾಡುವ. ಬೇರೆ ಮೊಲದ್ದು ತೆಗಿ."

ಇನ್ನೊಂದು ಮೊಲದ ತಿಳಿಯಲ್ಲೂ ಅದೇ ಆಯಿತು.

"ಅಡುಗೆಯವನದ್ದೂ ಹೆಪ್ಪಾಗಿದೆಯಲ್ಲ, ಅವನದ್ದೇ ಇರಬಹುದು" ಎಂದೆ ನಾನು.

"ಅವನು ವಾರ್ಡಿನ ಬಾಗಿಲು ದಾಟುದಿಲ್ಲ. ಆದ್ರೂ ನೋಡುವ. ಮಕ್ಕಳಿಗೆ ಬಂದ ಜಾತಿಗೆ ಇನ್ನೊಂದು ಕಿಣ್ವ ಉಂಟು ಅಂತ ನನಗೆ ಸಂಶಯ. ಪೆನಿಸಿಲಿನ್ನನ್ನೇ ಕಡಿದು ಹಾಕುವಂಥದ್ದು. ಅದಕ್ಕೇ ಮದ್ದು ನಾಟ್ಲಿಲ್ಲ."

ಮೂರು ತಟ್ಟೆಗಳಲ್ಲಿ ಮಕ್ಕಳದ್ದು, ಅಡುಗೆಯವನದ್ದು, ತಮ್ಮದು ಎಂದು ಕ್ರಿಮಿ ಬಿತ್ತಿ, ನಡುವೆ ಪೆನಿಸಿಲಿನ್ನಿನಲ್ಲಿ ಅದ್ದಿದ ಕಾಗದದ ಚೂರು ಇಟ್ಟರು. ಮರುದಿನ ಅಡುಗೆಯವನ ತಟ್ಟೆಯಲ್ಲಿ ಕಾಗದದ ಸುತ್ತ ಅಗಲವಾದ ಖಾಲಿ ಜಾಗ ಇತ್ತು. ಅವನ ಕ್ರಿಮಿ ಮದ್ದಿಗೆ ಸತ್ತಿತ್ತು. ಮಕ್ಕಳ ತಟ್ಟೆಯಲ್ಲಿ ಕ್ರಿಮಿ ಕಾಗದಕ್ಕೆ ತಾಗಿಯೇ ಬೆಳೆದಿತ್ತು. ಡಾಕ್ಟ್ರ ತಟ್ಟೆಯಲ್ಲಿಯೂ ಹಾಗೆಯೇ.

ಹುಟ್ಟಿದ ಮಗು ಸರಿಯಾಗಿ ಉಸಿರಾಡುತ್ತದೆಯೇ ಎಂದು ತಿಳಿಯಲು ಅದರ ಬಾಯಿಯ ಹತ್ತಿರಕ್ಕೆ ಮುಖ ತಂದು ಕಿವಿಗೊಡುವುದು ಅವರ ಅಭ್ಯಾಸ. ಎಷ್ಟು ಮಕ್ಕಳ ಮುಖದ ಮೇಲೆ ಹಾಗೆ ಬಾಗಿದ್ದರೋ! ಅದೇ ನನ್ನ ತಲೆಗೆ ಬಂತು. ಅವರ ತಲೆಗೂ ಅದೇ ಬಂದಿರಬೇಕು. ಎರಡೂ ಕೈಗಳನ್ನು ಮೇಜಿನ ಮೇಲೆ ಚಾಚಿ ಇಟ್ಟುಕೊಂಡು, ಯಾರದೋ ವಸ್ತುವನ್ನು ನೋಡುವ ಹಾಗೆ ನೋಡುತ್ತ ಕೂತಿದ್ದರು.

"ಡಾಕ್ಟ್ರಮ್ಮ, ತನಿಯಾರು ಅಲ್ಲ ಅಂತ ಮಾತ್ರ ಧನಿಗಳಿಗೆ ಹೇಳಿದ್ರೆ ಸಾಕು. ನೀವು ಸದ್ದಿಲ್ಲದೆ ಕೆಲವು ದಿನ ರಜೆ ಹಾಕಿ."

"ತನಿಯಾರು ಅಲ್ಲ ಅಂದ್ರೆ ಮತ್ತೆ ಯಾರು ಅಂತ ಕೇಳ್ತಾರೆ. ಯಾರೂ ಅಲ್ಲ ಅಂದ್ರೆ ತಿರುಗಿ ಅವಳ ಮೇಲೆಯೇ ಬರ್ತದೆ." ನಳಿಗೆಗಳನ್ನು ಸಾಲಾಗಿ ಎತ್ತಿಟ್ಟು ಕೇಳಿದರು: "ಶಿರಿಯಕ್ಕೆ ಹೋಗ್ಬೇಕು. ನೀನು ಬರ್ತೀಯಾ?"

ಹೊಳೆ ಸಮುದ್ರಕ್ಕೆ ಸೇರುವ ಕಡೆಯಲ್ಲಿ ಗಿರಿಜೆಯ ಮನೆ. ಅವಳು ಅಂಗಳದಲ್ಲಿ ಒಣಮೀನು ಮಗುಚಿ ಹಾಕುತ್ತಿದ್ದಳು. ಅತ್ತೆ ಜಗಲಿಯಲ್ಲಿ ಬಲೆಯ ಹರಿದ ಕಡೆ ಹೊಲಿಯುತ್ತಿದ್ದಳು. ಮಾತೆಲ್ಲ ತುಳುವಿನಲ್ಲಿಯೇ ನಡೆಯಿತು. ಡಾಕ್ಟ್ರು ಜಗಲಿಗೆ ಹತ್ತಲಿಲ್ಲ. ಅಂಗಳದಲ್ಲಿ ನಿಂತು, ಆ ಕಾಯಿಲೆ ತನ್ನ ಮೂಗಿನಲ್ಲಿ ಇತ್ತೆಂದೂ, ತನಗೇ ಗೊತ್ತಿಲ್ಲದೆ ತನ್ನಿಂದ ಮಕ್ಕಳಿಗೆ ತಾಗಿತೆಂದೂ ಹೇಳಿದರು. ಒಂದು ಮಾತನ್ನೂ ಸುತ್ತಿ ಬಳಸಲಿಲ್ಲ. ಗಿರಿಜೆ ಮೀನು ಮಗುಚುವ ಕೋಲನ್ನು ಕೆಳಗಿಡದೆ ಕೇಳಿಸಿಕೊಂಡಳು.

"ನೀವು ಬೇಕು ಅಂತ ಮಾಡಿದ್ದಲ್ಲವಲ್ಲ?" ಎಂದಳು.

"ಅಲ್ಲ."

"ಮತ್ತೆ ಇಷ್ಟು ದೂರ ಬಂದು ಯಾಕೆ ಹೇಳುದು?"

"ನಿನಗೆ ಗೊತ್ತಿರ್ಬೇಕು ಅಂತ. ನಿನ್ನ ಹಾಲಿನಿಂದ ಅಲ್ಲ. ನೀನು ಮಾಡಿದ ಯಾವುದರಿಂದಲೂ ಅಲ್ಲ." ಆಮೇಲೆ ಜಗಲಿಯ ಕಡೆ ತಿರುಗಿ ಹೇಳಿದರು, "ನೀವೂ ಕೇಳಿಸಿಕೊಂಡ್ರಲ್ಲ?"

ಅತ್ತೆಯ ಕೈ ಬಲೆಯ ಮೇಲೆ ನಿಂತಿತ್ತು. ಗಿರಿಜೆ ಕೋಲನ್ನು ಗೋಡೆಗೆ ಒರಗಿಸಿ ಒಳಗೆ ಹೋದಳು. ಬೈಗುಳ ಬರುತ್ತದೋ, ಬಾಗಿಲು ಹಾಕಿಕೊಳ್ಳುತ್ತಾಳೋ ಎಂದು ನಾನು ಕಾಯುತ್ತಿದ್ದೆ. ಒಂದು ಚೆಂಬು ನೀರು, ತುಂಡು ಬೆಲ್ಲ ತಂದು ಡಾಕ್ಟ್ರ ಮುಂದೆ ಹಿಡಿದಳು. ಆಗ ಅವಳು ಅಳತೊಡಗಿದಳು. ಮಗು ಹೋದಂದಿನಿಂದ ಅತ್ತಿರಲಿಲ್ಲವೆಂದು ಆಮೇಲೆ ನೆರೆಮನೆಯವರು ಹೇಳಿದರು. ಡಾಕ್ಟ್ರು ನೀರು ಕುಡಿದು ಚೆಂಬನ್ನು ಕೈಯಲ್ಲೇ ಹಿಡಿದು ಅವಳ ಅಳು ಮುಗಿಯುವವರೆಗೂ ಬಿಸಿಲಿನಲ್ಲಿ ನಿಂತಿದ್ದರು.

ಆ ಸಂಜೆ ಧನಿಗಳು ಆಸ್ಪತ್ರೆಗೆ ಬಂದಾಗ ಡಾಕ್ಟ್ರು ತನಿಯಾರುವನ್ನೂ ಕರೆಸಿದರು. ಎರಡು ನಳಿಗೆಗಳನ್ನು ತಂದು ಎಲ್ಲರ ಎದುರಿಗೆ ವಾಲಿಸಿದರು.

"ಇದು ತನಿಯಾರುದು. ಹರಿಯಿತಾ? ಇದು ನನ್ನದು."

ವಿಷಯ ತಿಳಿದ ಮೇಲೆ ಧನಿಗಳ ಮುಖ ಬಿಳಿಚಿತು. "ಹಾಗೆಲ್ಲ ಹೇಳ್ಬೇಡಿ ಡಾಕ್ಟ್ರೆ. ನಿಮ್ಮ ಹೆಸರಿಗಾಗಿಯೇ ಜನ ಇಲ್ಲಿ ಬರುದು. ಇದು ನಮ್ಮ ನಮ್ಮೊಳಗೆ ಇರ್ಲಿ."

"ಶಿರಿಯಕ್ಕೆ ಹೋಗಿ ಹೇಳಿ ಬಂದಾಯ್ತು. ಇನ್ನು ಒಳಗೆ ಇಟ್ಟುಕೊಳ್ಳಿಕ್ಕೆ ಎಂತ ಉಂಟು?" ಎಂದರು ಡಾಕ್ಟ್ರು. "ಬೇರೆ ಡಾಕ್ಟ್ರು ಸಿಗುವವರೆಗೆ ಸರೋಜ ನೋಡ್ಕೊಳ್ತಾಳೆ. ಕಷ್ಟದ ಕೇಸು ಇದ್ರೆ ಮೊದಲೇ ಮಂಗಳೂರಿಗೆ ಕಳಿಸುವ. ನಾನು ಇನ್ನು ವಾರ್ಡಿಗೆ ಕಾಲಿಡುದಿಲ್ಲ. ಮತ್ತೆ, ಇವಳ ಕೈಗೆ ರಬ್ಬರಿನ ಗವಸು ತರಿಸಿ. ಇಷ್ಟು ದಿನ ಆ ಕೈ ನೋಡಿಯೂ ನಾವು ಯಾರೂ ತರಿಸ್ಲಿಲ್ಲ."

ತನಿಯಾರುವಿಗೆ ನಳಿಗೆಯ ವಿಚಾರ ಎಷ್ಟು ಅರ್ಥವಾಯಿತೋ. ಅವಳು ಡಾಕ್ಟ್ರ ಮುಖವನ್ನೇ ನೋಡುತ್ತಿದ್ದಳು. "ಅಮ್ಮ, ನಿಮಗೆ ವಾಸಿ ಆಗ್ತದಲ್ಲ?" ಎಂದು ಮಾತ್ರ ಕೇಳಿದಳು. ಡಾಕ್ಟ್ರು ಹೂಂ ಎಂದರು.

ಕಷ್ಟದ ಕೇಸುಗಳು ಹೇಳಿ ಕೇಳಿ ಬರುವುದಿಲ್ಲ. ಪೆರ್ಲದ ಆಚೆಯಿಂದ ಒಬ್ಬಳು ಬಸ್ಸಿನಲ್ಲಿಯೇ ನೋವು ತಿನ್ನುತ್ತ ಬಂದಳು. ನಾನು ಮುಟ್ಟಿ ನೋಡಿದಾಗ ಕೈಗೆ ಸಿಕ್ಕಿದ್ದು ತಲೆಯಲ್ಲ, ಮಗುವಿನ ಕುಂಡೆ. ಮಂಗಳೂರಿಗೆ ಕಳಿಸುವಷ್ಟು ವ್ಯವಧಾನ ಇರಲಿಲ್ಲ. ತನಿಯಾರು ಡಾಕ್ಟ್ರನ್ನು ಕರೆಯಲು ಹಿತ್ತಲಿಗೆ ಓಡಿದಳು.

ಹೆರಿಗೆ ಕೋಣೆಗೆ ಜಗಲಿಯ ಕಡೆ ಒಂದು ದೊಡ್ಡ ಕಿಟಕಿ. ಡಾಕ್ಟ್ರು ಬಂದು ಅದರ ಹೊರಗೆ ನಿಂತರು. ಮೊಣಕೈವರೆಗೆ ಕೈ ತೊಳೆದು, ಗವಸು ಹಾಕಿ, ಮುಖಕ್ಕೆ ಎರಡು ಪದರ ಬಟ್ಟೆ ಕಟ್ಟಿಕೊಂಡಿದ್ದರು. ಗರ್ಭಿಣಿಯ ತಾಯಿ ಅವರ ಕಾಲು ಹಿಡಿಯಲು ಹೋದಳು.

"ಒಳಗೆ ಬನ್ನಿ ಡಾಕ್ಟ್ರಮ್ಮ, ನಿಮ್ಮ ಕೈ ಅಂತಲೇ ಇಷ್ಟು ದೂರ ಕರ್ಕೊಂಡು ಬಂದದ್ದು."

"ಮುಖಕ್ಕೆ ಬಟ್ಟೆ ಕಟ್ಟಿಕೊಂಡೇ ನಾನು ಆ ಮಕ್ಕಳ ಹೆರಿಗೆ ಮಾಡಿಸಿದ್ದು ಅಮ್ಮ. ಅದು ಸಾಕಾಗ್ಲಿಲ್ಲ. ಪ್ರಾಣಕ್ಕೆ ಬಂತು ಅಂತಾದ್ರೆ ಒಳಗೆ ಬಂದೇ ಬರ್ತೇನೆ, ಅದಕ್ಕೇ ಕೈ ತೊಳೆದು ನಿಂತದ್ದು. ಅಲ್ಲಿವರೆಗೆ ಇವಳ ಕೈಯೇ ನನ್ನ ಕೈ. ಸರೋಜಾ, ಹೆದರ್ಬೇಡ. ಎಂತ ಕಾಣ್ತದೆ ಹೇಳ್ತಾ ಹೋಗು."

ಹೇಳುತ್ತಾ ಹೋದೆ. ಕುಂಡೆ ಬಂತು, ಕಾಲುಗಳು ಜಾರಿ ಬಂದವು, ಹೊಟ್ಟೆ, ಒಂದು ತೋಳು, ಇನ್ನೊಂದು ತೋಳು. ಅಲ್ಲಿಗೆ ನಿಂತಿತು. ತಲೆ ಒಳಗೇ ಉಳಿಯಿತು. ನನ್ನ ಕೈ ತಾನಾಗಿಯೇ ಮಗುವನ್ನು ಹಿಡಿದು ಎಳೆಯಲು ಹೋಯಿತು.

"ಎಳೀಬೇಡ!" ಕಿಟಕಿಯಿಂದ ಗುಡುಗು ಬಂತು. "ಕೈ ಬಿಡು. ಪೂರ್ತಿ ಬಿಡು. ನೇತಾಡ್ಲಿ. ಅದರ ಭಾರಕ್ಕೇ ತಲೆ ಇಳೀತದೆ."

ಒಂದು ಜೀವವನ್ನು ಹಾಗೆ ನೇತಾಡಲು ಬಿಟ್ಟು ಕೈಕಟ್ಟಿ ನಿಲ್ಲುವುದಕ್ಕಿಂತ ಕಷ್ಟದ ಕೆಲಸವನ್ನು ನಾನು ಅಲ್ಲಿಂದೀಚೆಗೆ ಮಾಡಿಲ್ಲ. ಮಗುವಿನ ಮೈ ನೀಲಿಯಾಗುತ್ತಿತ್ತು. ಹೆರುವವಳು ಕಿರುಚುತ್ತಿದ್ದಳು. ಕಿಟಕಿಯ ಸರಳುಗಳನ್ನು ಹಿಡಿದ ಗವಸಿನ ಕೈಗಳನ್ನು ಮಾತ್ರ ನಾನು ನೋಡಿದೆ.

"ಕುತ್ತಿಗೆಯ ಹಿಂದಿನ ಕೂದಲು ಕಾಣ್ತದಾ?"

"ಇಲ್ಲ."

"ಕಾಯು. ಈಗ?"

"ಇಲ್ಲ... ಕಾಣ್ತದೆ. ಕಾಣ್ತದೆ ಡಾಕ್ಟ್ರಮ್ಮ!"

"ಈಗ ಎರಡೂ ಕಾಲು ಹಿಡಿ. ಸ್ವಲ್ಪ ಬಿಗಿ ಮಾಡಿ, ಹಾಗೇ ಮೇಲೆ ಎತ್ತು, ತಾಯಿಯ ಹೊಟ್ಟೆಯ ಕಡೆಗೆ. ನಿಧಾನ, ನಿಧಾನ. ಬಾಯಿ ಹೊರಗೆ ಬಂತಾ? ಒರಸು. ಅವಸರ ಮಾಡ್ಬೇಡ, ಈಗ ಅದು ಉಸಿರಾಡ್ತದೆ. ತಲೆ ಮೆಲ್ಲ ಬರ್ಲಿ."

ತಲೆ ಬಂತು. ಹೆಣ್ಣುಮಗು. ಅಳುವುದಕ್ಕೆ ಸ್ವಲ್ಪ ತಡ ಮಾಡಿತು. ಆ ತಡದಲ್ಲಿ ಬಾಗಿಲಿನ ಹತ್ತಿರ ಡಾಕ್ಟ್ರ ಹೆಜ್ಜೆಯ ಸದ್ದು ಕೇಳಿಸಿತು. ಮಗು ಅತ್ತಿತು. ಹೆಜ್ಜೆ ಅಲ್ಲಿಯೇ ನಿಂತಿತು.

ಹೊರಗೆ ಬಂದು ನೋಡಿದರೆ ಅವರು ಜಗಲಿಯ ಮೆಟ್ಟಿಲಿನಲ್ಲಿ ಕೂತು ಗವಸು ಕಳಚುತ್ತಿದ್ದರು. ಬೆವರಿಗೆ ಅಂಟಿ ಅದು ಬೆರಳುಗಳಿಂದ ಬಿಡುತ್ತಿರಲಿಲ್ಲ. ನಾನು ಎಳೆದು ಬಿಡಿಸಿದೆ.

"ಒಳ್ಳೆ ಮಾಡಿದಿ" ಎಂದರು. ಆಮೇಲೆ ಬೇರೆ ಕಡೆ ನೋಡುತ್ತ, "ಮಗುವಿನ ಬಣ್ಣ ಹೇಗೆ ಉಂಟು?" ಎಂದು ಕೇಳಿದರು. ಹೇಳಿದೆ. ಕೂದಲು ಉಂಟಾ ಎಂದರು. ತುಂಬಾ ಉಂಟು ಎಂದೆ. ಅಷ್ಟು ಸಾಕಾಯಿತೋ ಏನೋ, ಎದ್ದು ಹೋದರು.

ಅವರು ವಾರ್ಡು ಬಿಟ್ಟ ಮೇಲೆ ಹೊಸ ಬೊಕ್ಕೆ ಏಳಲಿಲ್ಲ. ಮಳೆಗಾಲದಲ್ಲಿ ಬೇರೊಬ್ಬ ಡಾಕ್ಟ್ರು ಬಂದರು. ರುಕ್ಮಿಣಿ ಡಾಕ್ಟ್ರ ಮೂಗಿಗೆ ಏನೇನೋ ಮುಲಾಮು ಹಚ್ಚಿ ನೋಡಿದೆವು. ಕೆಲವು ಸಲ ನಳಿಗೆ ಹರಿಯುತ್ತಿತ್ತು, ಗುಣವಾಯಿತೆಂದು ನಾನು ಸಂತೋಷಪಡುತ್ತಿದ್ದೆ. ಸ್ವಲ್ಪ ಸಮಯ ಬಿಟ್ಟು ತಿರುಗಿ ಹೆಪ್ಪುಗಟ್ಟುತ್ತಿತ್ತು. ಕೊನೆಗೆ ಅವರು ಬಸ್ ಸ್ಟೇಂಡಿನ ಹಿಂದೆ ಎರಡು ಕೋಣೆ ಹಿಡಿದು, ಮೊಲಗಳ ಸಮೇತ ಅಲ್ಲಿಗೆ ಹೋದರು. ಕುರು, ಗಂಟಲುನೋವು, ವಾಸಿಯಾಗದ ಗಾಯ, ಇವುಗಳ ಪರೀಕ್ಷೆ ಮಾತ್ರ ಮಾಡುತ್ತಿದ್ದರು. ಮಂಗಳೂರಿನ ಡಾಕ್ಟರುಗಳೂ ಅವರಲ್ಲಿಗೆ ಕೀವಿನ ಬಾಟ್ಲಿ ಕಳಿಸತೊಡಗಿದರು. ಆ ಕೆಲಸದಲ್ಲಿ ಅವರು ಸುಖವಾಗಿಯೇ ಇದ್ದರೆಂದು ಎಲ್ಲರೂ ಹೇಳುತ್ತಿದ್ದರು. ನಾನೂ ಹಾಗೆ ಅಂದುಕೊಳ್ಳುತ್ತಿದ್ದೆ. ಒಂದು ದಿನ ನಾವಿಬ್ಬರೂ ಪೇಟೆಯಲ್ಲಿ ನಡೆಯುತ್ತಿದ್ದಾಗ ಎದುರಿಗೆ ಒಬ್ಬಳು ಎಳೆಮಗುವನ್ನು ಎತ್ತಿಕೊಂಡು ಬಂದಳು. ಡಾಕ್ಟ್ರು ಮಾತು ನಿಲ್ಲಿಸದೆಯೇ ರಸ್ತೆಯ ಆಚೆ ಬದಿಗೆ ದಾಟಿದರು.

ಮದುವೆಯಾಗಿ ನಾನು ಕುಂಜತ್ತೂರಿಗೆ ಬಂದೆ. ರಾಜ್ಯಗಳು ಬೇರೆ ಬೇರೆಯಾಗಿ ನಮ್ಮ ಊರುಗಳು ಕೇರಳಕ್ಕೆ ಸೇರಿದವು. ಅದಾಗಿ ಕೆಲವು ಕಾಲದ ಮೇಲೆ ಅವರು ತೀರಿಕೊಂಡ ಸುದ್ದಿ ಬಂತು. ಬಂದದ್ದು ತಡವಾಗಿ. ಶೀತಜ್ವರ ಎಂದರು, ನಾಲ್ಕು ದಿನ ಮಲಗಿದ್ದರಂತೆ. ತನಿಯಾರು ಕೊನೆಯವರೆಗೂ ಹತ್ತಿರ ಇದ್ದಳಂತೆ.

ಅದಕ್ಕೆ ಮೊದಲು ಒಮ್ಮೆ ನಮ್ಮ ಮನೆಗೆ ಬಂದಿದ್ದರು. ಮಂಗಳೂರಿಗೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಗೇಟಿನ ಹೊರಗೆ ನಿಂತು ನನ್ನ ಹೆಸರು ಕೂಗಿದರು. ನಾನು ಓಡಿ ಹೋದೆ. ಕೂದಲು ಪೂರ್ತಿ ನೆರೆತಿತ್ತು, ಕನ್ನಡಕ ಇನ್ನೂ ದಪ್ಪವಾಗಿತ್ತು.

"ಒಳಗೆ ಬನ್ನಿ ಡಾಕ್ಟ್ರಮ್ಮ."

"ಬೇಡ ಸರೋಜಾ. ಮಗು ಇರುವ ಮನೆ. ಇಲ್ಲೇ ನಿಂತು ನೋಡಿ ಹೋಗ್ತೇನೆ. ಎಲ್ಲುಂಟು, ತೋರಿಸು."

ನನ್ನ ಮಗನಿಗೆ ಆಗಷ್ಟೇ ನಡಿಗೆ ಬಂದಿತ್ತು. ಜಗಲಿಯಿಂದ ಇಳಿದು, ಅಂಗಳ ದಾಟಿ, ನಾನು ಹಿಡಿಯುವ ಮೊದಲೇ ಗೇಟಿನ ಸಂದಿಯಿಂದ ನುಸುಳಿ ಅವರ ಸೀರೆ ಹಿಡಿದುಕೊಂಡ. ಅವರು ಎರಡೂ ಕೈಗಳನ್ನು ಮೇಲಕ್ಕೆತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದರು. ಅವನು ಬಿಡಲಿಲ್ಲ. ಜೊತೆಗೇ ತೂರಾಡಿಕೊಂಡು ಹೋದ.

"ಇವನು ಹಾಲುಗೂಸಲ್ಲ ಡಾಕ್ಟ್ರಮ್ಮ. ಗಟ್ಟಿ ಇದ್ದಾನೆ. ಎಂತದೂ ಆಗುದಿಲ್ಲ."

ಅವರು ನನ್ನನ್ನು ನೋಡಿದರು. ಮಗುವನ್ನು ನೋಡಿದರು. ಆಮೇಲೆ ಬಾಗಿ, ಎರಡೂ ಕಂಕುಳಿಗೆ ಕೈಕೊಟ್ಟು ಎತ್ತಿಕೊಂಡರು. ಸೊಂಟದ ಮೇಲೆ ಕೂರಿಸಿ, ತಮ್ಮ ಉಸಿರು ಅವನಿಗೆ ತಾಗದ ಹಾಗೆ ಮುಖವನ್ನು ರಸ್ತೆಯ ಕಡೆಗೆ ತಿರುಗಿಸಿ ಹಿಡಿದರು. ಅವನು ಅವರ ಕಿವಿಯನ್ನು ಹಿಡಿದು ಎಳೆಯುತ್ತಿದ್ದ, ಅವರು ರಸ್ತೆಯನ್ನು ನೋಡುತ್ತ ನಿಂತಿದ್ದರು. ಮಂಗಳೂರಿನ ಬಸ್ಸು ಬಂದು, ನಿಂತು, ಹೊರಟುಹೋಯಿತು.

"ಕೊಡಿ ಡಾಕ್ಟ್ರಮ್ಮ, ಭಾರ ಆಗ್ತದೆ" ಎಂದೆ.

"ಆಗುದಿಲ್ಲ" ಎಂದರು ಮುಖ ತಿರುಗಿಸದೆ. "ಇನ್ನೊಂದು ಬಸ್ಸು ಉಂಟಲ್ಲ?"